ಒಂದು ತಿಂಗಳ ಕಸ ಎಣಿಸಿದೆವು: ಮೊದಲು ಏನನ್ನು ಬದಲಿಸಲಿ?

ಹಿತ್ತಲಬಾಗಿಲು · ಬೆಂಗಳೂರು · ಭಾನುವಾರ ಬೆಳಿಗ್ಗೆ

ನಮ್ಮದು ನಾಲ್ಕು ಜನರ ಮನೆ. ನಾನು, ಯಜಮಾನರು, ಅತ್ತೆ, ಎಂಟನೆಯ ತರಗತಿಯಲ್ಲಿರುವ ಮಗಳು. ಮಗಳಿಗೆ ಶಾಲೆಯಲ್ಲಿ ಕೊಟ್ಟ ಕೆಲಸವೊಂದರ ನೆಪದಲ್ಲಿ ಕಳೆದ ತಿಂಗಳು ಮೂವತ್ತು ದಿನ ಮನೆಯಿಂದ ಹೊರಗೆ ಹೋದ ಕಸವನ್ನೆಲ್ಲ ಎಣಿಸಿ, ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆವು.

ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ 61. ಮೊಸರಿನದು 14. ಬೇಳೆ, ರವೆ, ಬಿಸ್ಕತ್ತು, ಚಿಪ್ಸ್ ಎಲ್ಲ ಸೇರಿ ಪೊಟ್ಟಣ 47. ಹೋಟೆಲಿನಿಂದ ತರಿಸಿಕೊಂಡ ಊಟದ ಪ್ಲಾಸ್ಟಿಕ್ ಡಬ್ಬಿ 22. ತರಕಾರಿ, ಹಣ್ಣು, ಹೂವು ತಂದ ಕವರ್ 19. ಶಾಂಪೂ, ಪಾತ್ರೆ ತೊಳೆಯುವ ದ್ರವ, ನೆಲ ಒರೆಸುವ ದ್ರವದ ಬಾಟಲಿ ಒಂದೊಂದು. ಹಲ್ಲುಜ್ಜುವ ಬ್ರಷ್ ಒಂದು.

ಎಣಿಸುವ ಮೊದಲು ಯಾರಾದರೂ ಕೇಳಿದ್ದರೆ ತರಕಾರಿ ಕವರೇ ಎಲ್ಲಕ್ಕಿಂತ ಹೆಚ್ಚು ಎಂದು ಹೇಳುತ್ತಿದ್ದೆ. ಅದು ನಾಲ್ಕನೆಯ ಸ್ಥಾನದಲ್ಲಿದೆ. ತೂಗಿ ನೋಡಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ತಿಂಗಳ ಪ್ಲಾಸ್ಟಿಕ್ ಎಲ್ಲ ಸೇರಿ ಒಂದೂಕಾಲು ಕಿಲೋ, ಅದರಲ್ಲಿ ಅರ್ಧದಷ್ಟು ಆ ಊಟದ ಡಬ್ಬಿಗಳದ್ದು. ಹಸಿ ಕಸವಾದರೋ ದಿನಕ್ಕೆ ಸುಮಾರು 700 ಗ್ರಾಂ, ತಿಂಗಳಿಗೆ 21 ಕಿಲೋ.

ಪ್ಲಾಸ್ಟಿಕ್ ಕಡಿಮೆ ಮಾಡುವುದು ಹೇಗೆ ಎಂದು ಹುಡುಕಿದರೆ ಬಿದಿರಿನ ಬ್ರಷ್ ಕೊಳ್ಳಿ, ತಾಮ್ರದ ಬಾಟಲಿ ಕೊಳ್ಳಿ, ಸ್ಟೀಲಿನ ಸ್ಟ್ರಾ ಕೊಳ್ಳಿ ಎನ್ನುವವರೇ ಹೆಚ್ಚು. ನಮ್ಮ ಪಟ್ಟಿಯಲ್ಲಿ ಬ್ರಷ್ ಇರುವುದು ಒಂದೇ ಒಂದು, ಸ್ಟ್ರಾ ಇಲ್ಲವೇ ಇಲ್ಲ. ಈ ಪಟ್ಟಿಯನ್ನು ನೋಡಿ ಹೇಳಿ. ನಾನು ಎಲ್ಲಿಂದ ಶುರು ಮಾಡಲಿ?

ಸೋಪಾನ · ಮೈಸೂರು

ಮೊಸರಿನಿಂದ ಶುರು ಮಾಡು, ತಂಗಿ. ಹಾಲು ಮನೆಗೆ ಬರುತ್ತಲೇ ಇದೆ, ಅದರ ಜೊತೆಗೆ ಮೊಸರಿನ ಪ್ಯಾಕೆಟ್ ಏಕೆ? ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಒಂದು ಚಮಚ ಹೆಪ್ಪು ಹಾಕಿ ಇಟ್ಟರೆ ಆಯಿತು. ಚಳಿಗಾಲದಲ್ಲಿ ಮೊಸರು ಕಟ್ಟುವುದಿಲ್ಲ ಎಂಬುದು ಬೆಂಗಳೂರಿನವರ ದೂರು. ಪಾತ್ರೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಅಕ್ಕಿಯ ಡಬ್ಬದೊಳಗೆ ಹುದುಗಿಸಿಡು, ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಹದಿನಾಲ್ಕು ಪ್ಯಾಕೆಟ್ ಅಲ್ಲಿಗೆ ಹೋಯಿತು.

ತರಕಾರಿ ಕವರ್ ಮನೆಗೆ ಬರುವುದಕ್ಕೆ ಒಂದು ಕಾರಣ, ಸೊಪ್ಪು ಪ್ಲಾಸ್ಟಿಕ್ಕಿನಲ್ಲಿ ಇಡದಿದ್ದರೆ ಬಾಡುತ್ತದೆ ಎಂಬ ನಂಬಿಕೆ. ಹಳೆಯ ಹತ್ತಿ ಪಂಚೆಯನ್ನು ಚೌಕವಾಗಿ ಕತ್ತರಿಸಿ, ಒದ್ದೆ ಮಾಡಿ ಹಿಂಡಿ, ಅದರಲ್ಲಿ ಸೊಪ್ಪನ್ನು ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡು. ಬೇರು ಕತ್ತರಿಸುವುದನ್ನು ಮರೆಯಬೇಡ, ತೊಳೆದು ಇಡಬೇಡ. ದಂಟು, ಪಾಲಕ್ ಮೂರು ನಾಲ್ಕು ದಿನ ಚೆನ್ನಾಗಿರುತ್ತವೆ. ಕರಿಬೇವನ್ನು ಎಸಳು ಬಿಡಿಸಿ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಇನ್ನೂ ಹೆಚ್ಚು ದಿನ ಇರುತ್ತದೆ. ಹಸಿಮೆಣಸಿನಕಾಯಿಯ ತೊಟ್ಟು ಕಿತ್ತಿಡಬೇಕು. ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಮನೆಯ ಮುಂದೆ ಬುಟ್ಟಿ ಇಟ್ಟುಕೊಂಡು ಸೊಪ್ಪು ಮಾರುವಾಕೆ. ಆಕೆ ದಿನವಿಡೀ ಸೊಪ್ಪನ್ನು ಒದ್ದೆ ಗೋಣಿಯ ಕೆಳಗೇ ಕಾಪಾಡುತ್ತಾಳೆ.

ತಕ್ಕಡಿ · ದಾವಣಗೆರೆ

ನಲವತ್ತೇಳು ಪೊಟ್ಟಣದ ಮಾತು ಬಂದದ್ದರಿಂದ ನಾನು ಬರೆಯಲೇಬೇಕು. ನಮ್ಮದು ತಂದೆಯ ಕಾಲದ ಕಿರಾಣಿ ಅಂಗಡಿ. ಬೇಳೆ, ಅಕ್ಕಿ, ರವೆ, ಅವಲಕ್ಕಿ, ಒಣಮೆಣಸಿನಕಾಯಿ, ಬೆಲ್ಲ ಎಲ್ಲವೂ ಇಂದಿಗೂ ಚೀಲದಲ್ಲಿಯೇ ಬಂದು ಇಳಿಯುತ್ತವೆ. ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣ ಕಟ್ಟುವವರು ನಾವೇ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ. ಸಂಜೆ ಆರು ಗಂಟೆಯ ಮೇಲೆ ಒಬ್ಬೊಬ್ಬರಿಗೂ ತೂಗಿ ಕೊಡುತ್ತಾ ನಿಂತರೆ ಅಂಗಡಿಯ ಮುಂದಿನ ಜನ ರಸ್ತೆಗೆ ಬರುತ್ತಾರೆ. ಆ ಹೊತ್ತಿನಲ್ಲಿ ಡಬ್ಬಿ ಹಿಡಿದು ಬಂದವರನ್ನು ನಾನೂ ಪೊಟ್ಟಣ ತೆಗೆದುಕೊಳ್ಳಿ ಎಂದು ಕಳುಹಿಸಿದ್ದೇನೆ.

ಹೀಗೆ ಮಾಡಿ. ಬೆಳಿಗ್ಗೆ ಚೀಟಿಯ ಜೊತೆಗೆ ನಿಮ್ಮ ಡಬ್ಬಿ, ಚೀಲಗಳನ್ನು ಅಂಗಡಿಯಲ್ಲಿ ಬಿಟ್ಟು ಹೋಗಿ, ಸಂಜೆ ತುಂಬಿದ್ದನ್ನು ಒಯ್ಯಿರಿ. ಡಬ್ಬಿಯ ತಳದಲ್ಲಿ ಖಾಲಿ ತೂಕವನ್ನು ಬರೆದಿಡಿ. ತೂಕದ ಮಾತಿನಲ್ಲಿ ಇಬ್ಬರಿಗೂ ಅನುಮಾನ ಉಳಿಯುವುದಿಲ್ಲ. ಹಿಟ್ಟು, ಸಣ್ಣ ರವೆ, ಬೆಲ್ಲಕ್ಕೆ ಡಬ್ಬಿಯೇ ಬೇಕು. ಬೇಳೆ, ಅಕ್ಕಿ, ಅವಲಕ್ಕಿಗೆ ಒತ್ತಾಗಿ ನೇಯ್ದ ಬಟ್ಟೆಯ ಚೀಲ ಸಾಕು. ನಮ್ಮಲ್ಲಿ ಹನ್ನೆರಡು ಮನೆಯವರು ಹೀಗೆ ಮಾಡುತ್ತಿದ್ದಾರೆ, ನನಗೆ ಯಾವ ತೊಂದರೆಯೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಹೆಚ್ಚು ಒಯ್ಯಬೇಡಿ, ಬಿಡಿ ಸಾಮಾನಿಗೆ ಹುಳು ಬೇಗ ಬೀಳುತ್ತದೆ.

ಬೆಲೆಯ ವಿಷಯವೂ ಇದೆ. 2022ರ ಜುಲೈ 18ರಿಂದ ಹೆಸರಿನ ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳ ಮೇಲೆ ಶೇಕಡಾ 5 ಜಿಎಸ್‌ಟಿ ಬಂತು. ಗಿರಾಕಿಯ ಎದುರು ಬಿಡಿಯಾಗಿ ತೂಗಿ ಕೊಟ್ಟದ್ದಕ್ಕೆ ಅದಿಲ್ಲ.

ಎಣ್ಣೆಯನ್ನು ಮಾತ್ರ ನನ್ನಲ್ಲಿ ಬಿಡಿಯಾಗಿ ಕೇಳಬೇಡಿ. ಕಲಬೆರಕೆ ತಡೆಯಲು ಬಿಡಿ ಖಾದ್ಯತೈಲದ ಮಾರಾಟಕ್ಕೆ ಕಾನೂನಿನ ನಿರ್ಬಂಧವಿದೆ. ಹತ್ತಿರದಲ್ಲಿ ಗಾಣವಿದ್ದರೆ ನಿಮ್ಮದೇ ಶೇಂಗಾ ಅಥವಾ ಕೊಬ್ಬರಿ ಒಯ್ದು ಎಣ್ಣೆ ತೆಗೆಸಿ, ಸ್ಟೀಲ್ ಕ್ಯಾನಿನಲ್ಲಿ ತನ್ನಿ.

ವಿಂಗಡಣೆ · ಬೆಂಗಳೂರು

ನಾನು ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಅಮ್ಮ ಅದಕ್ಕೂ ಮೊದಲು ಬೀದಿಯಲ್ಲಿ ಗೋಣಿ ಹೊತ್ತು ಆಯುತ್ತಿದ್ದರು. ಕಸ ಆಯುವವರ ಪರವಾಗಿ ಕೆಲಸ ಮಾಡುವ ಹಸಿರು ದಳದಂತಹ ಸಂಸ್ಥೆಯವರು ಓಡಾಡಿದ ಮೇಲೆ ನಮ್ಮಂತಹವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು.

ಅಕ್ಕ, ನಿಮ್ಮ ಪಟ್ಟಿಯನ್ನು ನಮ್ಮ ಕೇಂದ್ರದಲ್ಲಿ ನಿಂತು ಓದಿದೆ. ನಮ್ಮ ಕೈಗೆ ಬಂದಾಗ ಅವು ಏನಾಗುತ್ತವೆ ಎಂದು ಹೇಳುತ್ತೇನೆ. ಹಾಲಿನ ಪ್ಯಾಕೆಟ್ ಒಳ್ಳೆಯ ಪ್ಲಾಸ್ಟಿಕ್. ತೊಳೆದು ಒಣಗಿಸಿದ್ದರೆ ಗುಜರಿಯವರು ಬೆಲೆ ಕೊಟ್ಟು ಒಯ್ಯುತ್ತಾರೆ. ತೊಳೆಯದೆ ಮುದುಡಿ ಹಾಕಿದ್ದರೆ ಎರಡನೆಯ ದಿನಕ್ಕೆ ಒಳಗೆ ಹುಳು ಇರುತ್ತದೆ, ಇಡೀ ಮೂಟೆ ನಾರುತ್ತದೆ, ಅದನ್ನು ಬಿಡಿಸುವವರು ನಾವು. ಇನ್ನೊಂದು ಸಣ್ಣ ಮಾತು: ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಸೀಳಿ ಹಾಲು ಸುರಿದುಕೊಳ್ಳಿ, ತುಂಡು ಅಲ್ಲಿಯೇ ಅಂಟಿಕೊಂಡಿರಲಿ. ಬೆರಳುಗುರಿನಷ್ಟು ಆ ಮೂಲೆ ನಮ್ಮ ಮೇಜಿನವರೆಗೂ ಬರುವುದಿಲ್ಲ, ಮೋರಿಗೆ ಹೋಗುತ್ತದೆ.

ಚಿಪ್ಸ್, ಬಿಸ್ಕತ್ತಿನ ಒಳಗೆ ಬೆಳ್ಳಿಬಣ್ಣದ ಹಾಳೆ ಇರುವ ಪೊಟ್ಟಣ, ಶಾಂಪೂ ಸ್ಯಾಶೆ, ಇವುಗಳನ್ನು ಯಾವ ಗುಜರಿಯವರೂ ಮುಟ್ಟುವುದಿಲ್ಲ. ಎರಡು ಮೂರು ಪದರಗಳನ್ನು ಒಂದಕ್ಕೊಂದು ಬೆಸೆದಿರುತ್ತಾರೆ, ಬಿಡಿಸಲು ಆಗುವುದಿಲ್ಲ. ಮೂಟೆ ಕಟ್ಟಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳುಹಿಸುವುದೊಂದೇ ದಾರಿ. ಊಟದ ಕಪ್ಪು ಡಬ್ಬಿಗಳಿಗೆ ಬೆಲೆ ಬಹಳ ಕಡಿಮೆ, ಎಣ್ಣೆ ಜಿಡ್ಡು ಇದ್ದರೆ ಅದೂ ಇಲ್ಲ. ಬದಲಿಸುವುದಾದರೆ ಈ ಎರಡನ್ನು ಮೊದಲು ಬದಲಿಸಿ. ಹಾಲಿನ ಪ್ಯಾಕೆಟ್ಟಿನ ಬಗ್ಗೆ ಅಷ್ಟು ಕೊರಗಬೇಡಿ, ತೊಳೆದು ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಕೊನೆಯಲ್ಲಿ ಬರೆದ 21 ಕಿಲೋ. ಅನ್ನ, ಸಾರು, ತರಕಾರಿ ಸಿಪ್ಪೆ ಬೆರೆತರೆ ಕಾಗದವೂ ಹೋಯಿತು, ಪ್ಲಾಸ್ಟಿಕ್ಕೂ ಹೋಯಿತು. 2015ರ ಡಿಸೆಂಬರಿನಲ್ಲಿಯೇ ಹೈಕೋರ್ಟ್ ಹೇಳಿದೆ: ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್, ಡಯಾಪರ್, ಬ್ಯಾಂಡೇಜಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ. ಇಷ್ಟು ವರ್ಷವಾದರೂ ದಿನಕ್ಕೆ ಒಂದಾದರೂ ಮೂಟೆಯಲ್ಲಿ ಪ್ಯಾಡ್ ನನ್ನ ಕೈಗೆ ಸಿಗುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಶಾಯಿಯ ಗುರುತು ಹಾಕಿದರೆ ನಾವು ಬಿಚ್ಚುವುದಿಲ್ಲ. ದಯವಿಟ್ಟು ಅಷ್ಟು ಮಾಡಿ.

ಹಿತ್ತಲಬಾಗಿಲು

ವಿಂಗಡಣೆ ಅವರೇ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾವು ಪ್ಯಾಡ್‌ಗಳನ್ನು ಎಣಿಸಿರಲೇ ಇಲ್ಲ. ಮುಜುಗರದಿಂದ ಪಟ್ಟಿಯಿಂದಲೇ ಬಿಟ್ಟಿದ್ದೆವು. ಕಪ್ಪು ಕವರಿನಲ್ಲಿ ಗಂಟು ಕಟ್ಟಿ ಒಣ ಕಸದ ಚೀಲಕ್ಕೇ ಹಾಕುತ್ತಿದ್ದೆವು. ಇವತ್ತಿನಿಂದ ಹಾಗೆ ಮಾಡುವುದಿಲ್ಲ.

ಬೆಳಗಿನ ಬಸ್ · ಹುಬ್ಬಳ್ಳಿ

ಎಲ್ಲರ ಸಲಹೆಗಳೂ ಸರಿಯೇ. ನನ್ನದೊಂದು ಪ್ರಶ್ನೆ. ಹೆಪ್ಪು ಹಾಕುವವರು ಯಾರು? ಸೊಪ್ಪಿಗೆ ಬಟ್ಟೆ ಸುತ್ತುವವರು ಯಾರು? ಹಾಲಿನ ಪ್ಯಾಕೆಟ್ ತೊಳೆದು ಒಣಹಾಕುವವರು ಯಾರು? ನಾನು ಆರೂಮುಕ್ಕಾಲಿಗೆ ಮನೆ ಬಿಡುತ್ತೇನೆ, ಸಂಜೆ ಏಳೂವರೆಗೆ ಮರಳುತ್ತೇನೆ. ಹೋಟೆಲಿನ ಡಬ್ಬಿ ನಮ್ಮ ಮನೆಗೆ ಬರುವುದು ಸೋಮಾರಿತನದಿಂದಲ್ಲ, ರಾತ್ರಿ ಎಂಟಕ್ಕೆ ಒಲೆ ಹಚ್ಚುವ ಶಕ್ತಿ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಬಂದದ್ದರಿಂದ ಹೆಂಗಸರ ಕೆಲಸ ಒಂದಷ್ಟು ಇಳಿಯಿತು. ಈಗ ಪ್ಲಾಸ್ಟಿಕ್ ಬಿಡಿ ಎಂದರೆ ಆ ಕೆಲಸ ತಿರುಗಿ ಯಾರ ಹೆಗಲಿಗೆ ಬರುತ್ತದೆ ಎಂಬುದನ್ನೂ ಹೇಳಬೇಕು.

ಸೋಪಾನ

ನೀನು ಹೇಳುವುದು ನಿಜ, ಮಗಳೇ. ನಮ್ಮ ಅಮ್ಮ ಬೂದಿಯಲ್ಲಿ ಪಾತ್ರೆ ತಿಕ್ಕಿ, ಸೀಗೆ ಕುಟ್ಟಿ, ಹಿಟ್ಟು ಬೀಸಿ ಕೈ ಸವೆಸಿದರು. ಆ ಕಾಲ ಹಾಗೆಯೇ ಮರಳಿ ಬರಲಿ ಎಂದು ನಾನೂ ಬಯಸುವುದಿಲ್ಲ. ಅದಕ್ಕೇ ನಿನಗೆ ಸೀಗೆ ಕುಟ್ಟು ಎನ್ನುವುದಿಲ್ಲ. ಶಾಂಪೂ ಬಾಟಲಿಯ ಬದಲು ಕಾಗದ ಸುತ್ತಿದ ಶಾಂಪೂ ಬಿಲ್ಲೆ, ಕೈತೊಳೆಯುವ ದ್ರವದ ಬದಲು ಮಾಮೂಲಿ ಸೋಪು, ಪಾತ್ರೆಗೆ ದ್ರವದ ಬದಲು ಬಿಲ್ಲೆ. ಇದರಲ್ಲಿ ಒಂದು ನಿಮಿಷದ ಕೆಲಸವೂ ಹೆಚ್ಚುವುದಿಲ್ಲ. ಪಾತ್ರೆ ಉಜ್ಜಲು ಒಣಗಿದ ತುಪ್ಪದ ಹೀರೆಯ ನಾರು ಸಿಕ್ಕರೆ ಸರಿ, ಇಲ್ಲದಿದ್ದರೆ ತೆಂಗಿನ ನಾರು.

ಹಿತ್ತಲಬಾಗಿಲು ಮನೆಯ ಯಜಮಾನ · ಬೆಂಗಳೂರು

ನನ್ನ ಹೆಂಡತಿ ಈ ಚರ್ಚೆಯನ್ನು ನನಗೆ ಓದಿ ಹೇಳಿದಳು. ಬೆಳಗಿನ ಬಸ್ ಅವರ ಪ್ರಶ್ನೆ ನೇರವಾಗಿ ನನಗೇ ತಾಗಿತು. ಹಾಲಿನ ಪ್ಯಾಕೆಟ್ ತೊಳೆಯುವುದು, ರಾತ್ರಿ ಹೆಪ್ಪು ಹಾಕುವುದು, ಕಾಂಪೋಸ್ಟಿನ ಮಡಕೆ, ಅಂಗಡಿಗೆ ಡಬ್ಬಿ ಒಯ್ಯುವುದು, ಈ ನಾಲ್ಕನ್ನು ನಾನು ತೆಗೆದುಕೊಂಡಿದ್ದೇನೆ. ಪ್ಯಾಕೆಟ್ ತೊಳೆಯಲು ಒಂದು ಉಪಾಯ ಸಿಕ್ಕಿದೆ. ಖಾಲಿಯಾದ ಕೂಡಲೇ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಸುರಿದು, ಪ್ಯಾಕೆಟ್ಟನ್ನು ಸಿಂಕಿನ ಮೇಲಿನ ಟೈಲ್ಸಿಗೆ ಒದ್ದೆಯಾಗಿಯೇ ಅಂಟಿಸಿಬಿಡುತ್ತೇನೆ. ಒಣಗಿದಾಗ ತಾನೇ ಕೆಳಗೆ ಬೀಳುತ್ತದೆ.

ಹಾಳೆತಟ್ಟೆ · ಪುತ್ತೂರು

ನಮ್ಮ ಕಡೆ ಪ್ಲಾಸ್ಟಿಕ್ ಕವರಿಗೆ ತೊಟ್ಟೆ ಎನ್ನುತ್ತಾರೆ. ಘಟ್ಟದ ಮೇಲೆ ಶಿರಸಿ ಕಡೆ ಅದೇ ಕೊಟ್ಟೆ. ಹಲಸಿನ ಎಲೆ ಸೇರಿಸಿ ಚುಚ್ಚಿ ಮಾಡುವ ದೊನ್ನೆಗೂ ಕೊಟ್ಟೆ ಎಂದೇ ಹೆಸರು, ಕೊಟ್ಟೆ ಕಡುಬು ಬೇಯುವುದು ಅದರಲ್ಲಿಯೇ. ಎಲೆಯ ಹೆಸರನ್ನು ಪ್ಲಾಸ್ಟಿಕ್ ತೆಗೆದುಕೊಂಡುಬಿಟ್ಟಿತಲ್ಲ ಎಂದು ನನಗೆ ಆಗಾಗ ನೋವಾಗುತ್ತದೆ.

ದಿನದ ಕಸಕ್ಕಿಂತ ಒಂದು ದಿನದ ಸಮಾರಂಭದ ಕಸ ಎಷ್ಟು ದೊಡ್ಡದು ಎಂಬುದನ್ನೂ ಇಲ್ಲಿ ಸೇರಿಸಬೇಕು. ಕಳೆದ ವರ್ಷ ನಮ್ಮ ಮನೆಯ ಗೃಹಪ್ರವೇಶಕ್ಕೆ ಮುನ್ನೂರು ಜನ ಬಂದಿದ್ದರು. ಊಟಕ್ಕೆ ಬಾಳೆ ಎಲೆ, ತಿಂಡಿಗೆ ನಮ್ಮದೇ ತೋಟದ ಅಡಿಕೆ ಹಾಳೆಯ ತಟ್ಟೆ. ಅಲ್ಲಿಯವರೆಗೆ ಕಷ್ಟವಿರಲಿಲ್ಲ. ಕಷ್ಟವಾದದ್ದು ನೀರು. ಅಡುಗೆಯವರು ಎಲೆಗೊಂದರಂತೆ ಪುಟ್ಟ ಬಾಟಲಿ ಇಡುವುದೇ ಈಗಿನ ಕ್ರಮ ಎಂದರು. ಮುನ್ನೂರು ಬಾಟಲಿ, ಅರ್ಧ ಕುಡಿದು ಬಿಟ್ಟವೇ ಹೆಚ್ಚಾಗಿರುತ್ತವೆ. ನಾವು ದೇವಸ್ಥಾನದ ಪಾತ್ರೆಯ ಕೋಣೆಯಿಂದ ಸ್ಟೀಲ್ ಲೋಟ ತಂದೆವು, ನೀರು ಬಡಿಸಲು ನಾಲ್ವರು ಹುಡುಗರನ್ನು ನಿಲ್ಲಿಸಿದೆವು, ಲೋಟ ತೊಳೆಯಲು ಇಬ್ಬರಿಗೆ ಸಂಬಳ ಕೊಟ್ಟೆವು. ಬಾಟಲಿಯ ಹಣಕ್ಕಿಂತ ಕಡಿಮೆಯೇ ಆಯಿತು. ಎಲೆ, ತಟ್ಟೆ ಎಲ್ಲ ದನದ ಕೊಟ್ಟಿಗೆಯ ಗೊಬ್ಬರದ ಗುಂಡಿಗೆ ಹೋದವು.

2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಕಸದ ಗುಡ್ಡ ಮಳೆಗೆ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂತು. ಅಡಿಕೆ, ತೆಂಗಿನ ಮರಗಳು ಕಸದಲ್ಲಿ ಹೂತುಹೋದದ್ದನ್ನು ನಾನು ಹೋಗಿ ನೋಡಿದ್ದೇನೆ. ತೋಟ ಮಾಡಿದವರಿಗೆ ಅದನ್ನು ನೋಡುವುದು ಸುಲಭವಲ್ಲ.

ಮೈಕ್ರಾನ್ · ಮಣಿಪಾಲ

ಬದಲಿ ವಸ್ತುಗಳಲ್ಲಿ ಮೋಸಹೋಗುವ ಕೆಲವು ಕಡೆಗಳನ್ನು ಹೇಳುತ್ತೇನೆ. ಬಟ್ಟೆ ಅಂಗಡಿಗಳಲ್ಲಿ ಕೊಡುವ, ಬಟ್ಟೆಯಂತೆಯೇ ಕಾಣುವ ಬಣ್ಣದ ಚೀಲಗಳಿವೆಯಲ್ಲ, ಅವು ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದವು. ಹತ್ತಿಯ ಚೀಲದಲ್ಲಿ ಉದ್ದಡ್ಡ ನೂಲು ಕಾಣಿಸುತ್ತದೆ, ಇವುಗಳಲ್ಲಿ ಕಾಣಿಸುವುದಿಲ್ಲ, ಬರೀ ಚುಕ್ಕಿ ಒತ್ತಿದ ಗುರುತಿರುತ್ತದೆ. ಕೆಲವು ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತವೆ.

ಕಾಗದದ ಲೋಟ ಇನ್ನೊಂದು. ನೀರು ಸೋರದಂತೆ ಅದರೊಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರದ ಐಐಟಿಯವರು ಪರೀಕ್ಷಿಸಿದಾಗ, 100 ಮಿಲಿಲೀಟರ್ ಬಿಸಿ ನೀರು ಅಂತಹ ಲೋಟದಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುವುದು ಕಂಡುಬಂತು. ಕಚೇರಿಯ ಮೇಜಿನಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳುವುದಕ್ಕಿಂತ ಸುಲಭವಾದ ಬದಲಾವಣೆ ನನಗೆ ಗೊತ್ತಿಲ್ಲ.

‘ಮಣ್ಣಿನಲ್ಲಿ ಕರಗುತ್ತದೆ’ ಎಂದು ಬರೆದ ಹಸಿರು ಕವರುಗಳನ್ನು ಮನೆಯ ಕಾಂಪೋಸ್ಟಿಗೆ ಹಾಕಬೇಡಿ. ಅವುಗಳಲ್ಲಿ ನಿಜವಾದವು ಕೂಡ ದೊಡ್ಡ ಘಟಕಗಳ ಬಿಸಿಯಲ್ಲಿ ಕರಗುವಂತೆ ಮಾಡಿದವು, ಮಡಕೆಯ ಬಿಸಿ ಸಾಲದು.

ಕೊನೆಯದಾಗಿ, ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಗಳನ್ನು ಎಸೆದು ಗಾಜಿನ ಭರಣಿಗಳ ಸಾಲು ಕೊಳ್ಳಬೇಡಿ. ಒಣ ದಿನಸಿಗೆ ಅವು ಇನ್ನೂ ಹತ್ತು ವರ್ಷ ಬಾಳುತ್ತವೆ. ಬಿಸಿ ಸಾರು, ಉಪ್ಪಿನಕಾಯಿ, ಎಣ್ಣೆಗೆ ಮಾತ್ರ ಬಳಸಬೇಡಿ. ಹತ್ತಿ ಬೆಳೆಯಲು ನೀರು ಬಹಳ ಬೇಕು, ಆದ್ದರಿಂದ ಹೊಸ ಬಟ್ಟೆ ಚೀಲಗಳನ್ನು ರಾಶಿ ಹಾಕುವುದೂ ಸರಿಯಲ್ಲ. ಹಳೆಯ ಸೀರೆ, ಪ್ಯಾಂಟಿನ ಕಾಲು, ದಿಂಬಿನ ಚೀಲ ಎಲ್ಲವೂ ಚೀಲವೇ.

ತಕ್ಕಡಿ

ಕೈಚೀಲದ ಕಾನೂನನ್ನು ನಾನೂ ಸೇರಿಸುತ್ತೇನೆ, ಬಹಳ ಮಂದಿ ತಪ್ಪು ತಿಳಿದಿದ್ದಾರೆ. 120 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತೆಳುವಾದದ್ದು ಬೇಡ ಎಂಬುದು ಕೇಂದ್ರದ ನಿಯಮ, 2022ರ ಕೊನೆಯಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದ 2016ರ ಆದೇಶ ದಪ್ಪವನ್ನು ನೋಡುವುದೇ ಇಲ್ಲ, ಪ್ಲಾಸ್ಟಿಕ್ ಕೈಚೀಲವೇ ಕೂಡದು ಎನ್ನುತ್ತದೆ. ನಾನು ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ ಎನ್ನುವವರು ಇದ್ದಾರೆ. ಚೀಲ ಮರೆತು ಬಂದವರಿಗೆ ಹಳೆಯ ಪತ್ರಿಕೆ ಮತ್ತು ಹುರಿ ಕೊಡುತ್ತೇನೆ. ತಂದೆಯವರು ಕಲಿಸಿದ ಪೊಟ್ಟಣದ ಗಂಟು ಇನ್ನೂ ಕೈಯಲ್ಲಿದೆ.

ರೈನ್ ತೀರ · ಜರ್ಮನಿ

ಇಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡಾಗ 25 ಸೆಂಟ್ ಠೇವಣಿ ಕೊಡಬೇಕು. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸು. ಹಾಗಾಗಿ ರಸ್ತೆಯಲ್ಲಿ ಬಾಟಲಿ ಬಿದ್ದಿರುವುದು ಅಪರೂಪ. ಚಿಕ್ಕಂದಿನಲ್ಲಿ ಹಾಸನದಲ್ಲಿ ಗೋಲಿ ಸೋಡಾ ಕುಡಿದು ಬಾಟಲಿ ಹಿಂದಿರುಗಿಸುತ್ತಿದ್ದದ್ದು ಇಲ್ಲಿ ದಿನವೂ ನೆನಪಾಗುತ್ತದೆ. ಆದರೆ ಸೌತೆಕಾಯಿಗೆ ಒಂದೊಂದಕ್ಕೂ ಪ್ಲಾಸ್ಟಿಕ್ ಸುತ್ತಿ ಮಾರುವುದನ್ನು ಕಂಡದ್ದೂ ಇಲ್ಲಿಯೇ.

ಬಚ್ಚಲ ಒಲೆ · ತೀರ್ಥಹಳ್ಳಿ ಹತ್ತಿರದ ಹಳ್ಳಿ

ನಿಮ್ಮೆಲ್ಲರ ಮನೆಯ ಮುಂದೆ ಕಸದ ಗಾಡಿ ಬರುತ್ತದೆ. ನಮ್ಮದು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಒಂಟಿ ಮನೆ, ಗಾಡಿ ಬರುವುದಿಲ್ಲ. ಹಸಿ ಕಸದ ಸಮಸ್ಯೆ ನಮಗೆ ಇಲ್ಲ. ದನವಿದೆ, ಗೊಬ್ಬರದ ಗುಂಡಿ ಇದೆ. ಪ್ಲಾಸ್ಟಿಕ್ ಏನಾಗುತ್ತದೆ ಎಂದರೆ, ಬೆಳಿಗ್ಗೆ ಸ್ನಾನದ ಹಂಡೆಯ ಒಲೆ ಹಚ್ಚಲು ಹೋಗುತ್ತದೆ. ಮಳೆಗಾಲದಲ್ಲಿ ಸೌದೆ ಹಸಿ, ಒಂದು ಕವರ್ ಹಚ್ಚಿ ಇಟ್ಟರೆ ಬೆಂಕಿ ಬೇಗ ಹತ್ತುತ್ತದೆ. ಊರಿನ ಮುಕ್ಕಾಲು ಮನೆಗಳಲ್ಲಿ ಇದೇ ಕ್ರಮ. ಒಲೆಯ ಮುಂದೆ ಕುಳಿತು ಊದುವವರು ನನ್ನ ಅಮ್ಮ. ಮೂರು ವರ್ಷಗಳಿಂದ ಅವರಿಗೆ ಕೆಮ್ಮು. ಕೆಮ್ಮಿಗೆ ಅದೇ ಕಾರಣವೋ ಅಲ್ಲವೋ ವೈದ್ಯರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಚರ್ಚೆ ಓದಿದ ಮೇಲೆ ಒಲೆಯ ಬಗ್ಗೆ ಕೇಳಬೇಕೆನಿಸಿತು.

ಮೈಕ್ರಾನ್

ಖಂಡಿತ ನಿಲ್ಲಿಸಿ. ಒಲೆಯ ಬಿಸಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ. ಹೊಗೆಯಲ್ಲಿ ಅನೇಕ ವಿಷವಸ್ತುಗಳು ಉಳಿಯುತ್ತವೆ. ಪಿವಿಸಿ ಸೇರಿದ್ದರೆ ಡಯಾಕ್ಸಿನ್ ಎಂಬ, ಅತ್ಯಲ್ಪ ಪ್ರಮಾಣದಲ್ಲಿಯೂ ಕೆಡುಕು ಮಾಡುವ ವಸ್ತು ಹುಟ್ಟುತ್ತದೆ. ಆ ಬೂದಿಯನ್ನು ಗಿಡಗಳಿಗೂ ಹಾಕಬೇಡಿ. ಅಮ್ಮನ ಕೆಮ್ಮಿಗೆ ವೈದ್ಯರಲ್ಲಿ ಹೋದಾಗ ಒಲೆಯ ಹೊಗೆಯ ವಿಷಯವನ್ನು ಮುಚ್ಚಿಡದೆ ಹೇಳಿ.

ಹಾಳೆತಟ್ಟೆ

ಬೆಂಕಿ ಹತ್ತಿಸಲು ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಗರಟೆ ಇವೆರಡನ್ನು ಬೇಸಿಗೆಯಲ್ಲಿಯೇ ಗೋಣಿ ತುಂಬಿ ಅಟ್ಟದ ಮೇಲೆ ಇಡಿ, ಜೋರು ಮಳೆಯ ಆಟಿ ತಿಂಗಳಿನಲ್ಲಿಯೂ ಒಣಗಿಯೇ ಇರುತ್ತವೆ. ಪ್ಲಾಸ್ಟಿಕ್ ತೊಳೆದು ಒಣಗಿಸಿ ಗೋಣಿಯಲ್ಲಿ ತುಂಬುತ್ತಾ ಹೋಗಿ. ನಾರದಿದ್ದರೆ ಆರು ತಿಂಗಳು ಇಟ್ಟರೂ ತೊಂದರೆಯಿಲ್ಲ. ಈಗ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಎಂಬ ಒಣ ಕಸದ ಘಟಕಗಳಿವೆ, ಕೆಲವು ಕಡೆ ಗಾಡಿ ಓಡಿಸುವವರೂ ಸ್ವಸಹಾಯ ಸಂಘದ ಹೆಂಗಸರೇ. ಕಾರ್ಕಳದ ನಿಟ್ಟೆಯಲ್ಲಿ ಹಲವಾರು ಪಂಚಾಯಿತಿಗಳ ಒಣ ಕಸ ಒಂದೇ ಕಡೆ ಸೇರಿ ಬೇರ್ಪಡುವ ದೊಡ್ಡ ಘಟಕವಿದೆ. ನಿಮ್ಮ ಪಂಚಾಯಿತಿಯಲ್ಲಿ ಕೇಳಿ. ಗಾಡಿ ಮನೆಗೆ ಬರದಿದ್ದರೆ ಸಂತೆಯ ದಿನ ಗೋಣಿಯನ್ನು ಅಲ್ಲಿಗೇ ಮುಟ್ಟಿಸಬಹುದು.

ಹಿತ್ತಲಬಾಗಿಲು · ಮೂರು ವಾರಗಳ ನಂತರ

ಕಾಂಪೋಸ್ಟಿಗೆ ಬಾಲ್ಕನಿಯಲ್ಲಿ ತೂತುಗಳಿರುವ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಇಟ್ಟಿದ್ದೇವೆ. ಮೊದಲ ವಾರ ಚೆನ್ನಾಗಿತ್ತು. ಈಗ ವಾಸನೆ ಬರುತ್ತಿದೆ, ಬೂದುಬಣ್ಣದ ದಪ್ಪ ಹುಳುಗಳು ತುಂಬಿವೆ. ಅತ್ತೆ ಮಡಿಯವರು, ಬಾಲ್ಕನಿಯ ಕಡೆಗೇ ಬರುತ್ತಿಲ್ಲ. ಬಿಟ್ಟುಬಿಡಬೇಕೇ?

ಸೋಪಾನ

ಬಿಡಬೇಡ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದು ಅರ್ಥ. ಒಣಗಿದ ಎಲೆಯನ್ನು ಕೈಯಲ್ಲಿ ಪುಡಿ ಮಾಡಿ ಧಾರಾಳವಾಗಿ ಹಾಕಿ ಕೋಲಿನಿಂದ ಕೆದಕು. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ. ಸಾರಿನ ನೀರು, ಮಿಕ್ಕ ಮಜ್ಜಿಗೆ ಹುಳಿ ಸೋಸಿಯೇ ಹಾಕಬೇಕು. ಪ್ರತಿ ದಿನ ಸಿಪ್ಪೆ ಹಾಕಿದ ಮೇಲೆ ಅದು ಕಾಣದಂತೆ ಒಣ ಎಲೆ ಮುಚ್ಚಬೇಕು. ಇರುವೆ ಬಂದರೆ ಮಾತ್ರ ತೇವ ಕಡಿಮೆ ಎಂದು, ಆಗ ನೀರು ಚಿಮುಕಿಸು. ಆ ದಪ್ಪ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳು. ಅವು ರೋಗ ತರುವುದಿಲ್ಲ, ಸಿಪ್ಪೆಯನ್ನು ನಿನಗಿಂತ ಬೇಗ ಗೊಬ್ಬರ ಮಾಡುತ್ತವೆ. ಎರಡು ತಿಂಗಳಲ್ಲಿ ಕೆಳಗಿನ ಮಡಕೆಯಿಂದ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅದನ್ನು ಮೊದಲು ಅತ್ತೆಯ ತುಳಸಿಕಟ್ಟೆಗೆ ಹಾಕು.

ನಿಂಬೆ, ಕಿತ್ತಳೆ ಸಿಪ್ಪೆಯನ್ನು ಮಡಕೆಗೆ ಹೆಚ್ಚು ಹಾಕಬೇಡ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮೂರು ತಿಂಗಳು ಬಿಡು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಬಾಟಲಿ ಒಡೆಯುತ್ತದೆ, ಬೇಡ. ಸೋಸಿದ ನೀರು ನೆಲ ಒರೆಸಲು ಬರುತ್ತದೆ.

ಹಿತ್ತಲಬಾಗಿಲು · ಎರಡೂವರೆ ತಿಂಗಳ ನಂತರ

ಮತ್ತೆ ಮೂವತ್ತು ದಿನ ಎಣಿಸಿದೆವು. ಹಾಲಿನ ಪ್ಯಾಕೆಟ್ 64, ಹಿಂದಿಗಿಂತ ಮೂರು ಹೆಚ್ಚು, ಮನೆಯಲ್ಲೇ ಮೊಸರು ಮಾಡುತ್ತಿರುವುದರಿಂದ. ಎಲ್ಲವನ್ನೂ ತೊಳೆದು ಕೊಟ್ಟಿದ್ದೇವೆ. ಮೊಸರಿನ ಪ್ಯಾಕೆಟ್ ಒಂದು, ಅದೂ ಹೆಪ್ಪು ಕೆಟ್ಟ ದಿನದ್ದು. ದಿನಸಿ ಪೊಟ್ಟಣ 47ರಿಂದ 25ಕ್ಕೆ ಇಳಿದಿದೆ. ಉಳಿದವುಗಳಲ್ಲಿ ಹೆಚ್ಚಿನವು ಬಿಸ್ಕತ್ತು, ಚಿಪ್ಸಿನವು, ಅದರಲ್ಲಿ ಮಗಳೊಡನೆ ನನಗೆ ಇನ್ನೂ ಒಪ್ಪಂದವಾಗಿಲ್ಲ. ಊಟದ ಡಬ್ಬಿ 22 ಇದ್ದದ್ದು 8. ಬೀದಿ ಕೊನೆಯ ಹೋಟೆಲಿನವರು ನಮ್ಮ ಟಿಫಿನ್ ಕ್ಯಾರಿಯರಿಗೆ ಹಾಕಿಕೊಡಲು ಸಂತೋಷದಿಂದ ಒಪ್ಪಿದರು. ಕೇಳಿದ ದಿನವೇ ಒಪ್ಪಿದರು, ಇಷ್ಟು ವರ್ಷ ನಾವು ಕೇಳಿರಲಿಲ್ಲ ಅಷ್ಟೇ. ತರಕಾರಿ ಕವರ್ 4. ಮಗಳು ಬಟ್ಟೆಯ ಪ್ಯಾಡ್ ಬಳಸಿ ನೋಡುತ್ತೇನೆ ಎಂದಿದ್ದಾಳೆ, ಬಿಸಿಲಿನಲ್ಲಿ ಒಣಗಿಸಲು ಮಹಡಿಯ ಮೇಲೆ ಹಗ್ಗ ಕಟ್ಟಿದ್ದೇವೆ. ನಾನು ಮುಟ್ಟಿನ ಬಟ್ಟಲು ತೆಗೆದುಕೊಂಡೆ. ಹಸಿ ಕಸ ಮನೆಯಿಂದ ಹೊರಗೆ ಹೋಗುತ್ತಿಲ್ಲ.

ಅತ್ತೆ ನಿನ್ನೆ ಬಾಲ್ಕನಿಗೆ ಬಂದು ಮಡಕೆಯೊಳಗೆ ಇಣುಕಿದರು.

ವಿಂಗಡಣೆ

ಅಕ್ಕ, ನಿಮ್ಮ ಬಡಾವಣೆಯ ಗಾಡಿ ನಮ್ಮ ಕೇಂದ್ರಕ್ಕೇ ಬರುತ್ತದೆಯೋ ಏನೋ ಗೊತ್ತಿಲ್ಲ. ಕಳೆದ ಗುರುವಾರ ಒಂದು ಚೀಲದಲ್ಲಿ ಹಾಲಿನ ಪ್ಯಾಕೆಟ್‌ಗಳು ಒಂದರೊಳಗೊಂದು ಮಡಿಸಿ ಬಂದಿದ್ದವು, ಎಲ್ಲದರ ಮೂಲೆಯೂ ಅಂಟಿಕೊಂಡೇ ಇತ್ತು. ಯಾರ ಮನೆಯದಾದರೂ ಇರಲಿ, ಆ ಚೀಲವನ್ನು ಬರಿಗೈಯಲ್ಲಿ ಬಿಚ್ಚಿದೆ.

ಬಚ್ಚಲ ಒಲೆ

ನಮ್ಮಲ್ಲಿಯೂ ಎರಡು ಗೋಣಿ ತುಂಬಿವೆ. ಅಮ್ಮ ಈಗ ಅಡಿಕೆ ಸಿಪ್ಪೆಯಲ್ಲೇ ಒಲೆ ಹಚ್ಚುತ್ತಾರೆ. ಪಂಚಾಯಿತಿಯಲ್ಲಿ ಕೇಳಿದೆ, ಒಳರಸ್ತೆಗೆ ಗಾಡಿ ಬರುವುದಿಲ್ಲ, ತಿಂಗಳಿಗೊಮ್ಮೆ ಮುಖ್ಯರಸ್ತೆಯ ಬಸ್ ನಿಲ್ದಾಣದ ಹತ್ತಿರ ತಂದಿಟ್ಟರೆ ಒಯ್ಯುತ್ತೇವೆ ಎಂದರು. ಸೋಮವಾರ ನಮ್ಮ ಗೋಣಿಯ ಜೊತೆಗೆ ಪಕ್ಕದ ಮೂರು ಮನೆಗಳದ್ದನ್ನೂ ಜೀಪಿನಲ್ಲಿ ಒಯ್ಯುತ್ತಿದ್ದೇನೆ. ಔಷಧಿ ಹೊಡೆದ ಖಾಲಿ ಡಬ್ಬಗಳನ್ನು ಇದರ ಜೊತೆ ಹಾಕಬಹುದೇ?

ವಿಂಗಡಣೆ

ಬೇಡ ಅಣ್ಣ, ಅವನ್ನು ಬೇರೆ ಇಡಿ. ತೋಟದ ಔಷಧಿಯ ಡಬ್ಬಕ್ಕೆ ತೂತು ಮಾಡಿ, ಯಾರೂ ನೀರಿಗೆ ಬಳಸದಂತೆ ಮೇಲೆ ಗುರುತು ಹಾಕಿ, ಔಷಧಿ ಕೊಂಡ ಅಂಗಡಿಯಲ್ಲಿ ಮೊದಲು ಕೇಳಿ. ಪಂಚಾಯಿತಿಗೆ ಕೊಡುವುದಾದರೆ ಗಾಡಿಯವರಿಗೆ ಇದು ವಿಷದ ಡಬ್ಬ ಎಂದು ಬಾಯಲ್ಲಿ ಹೇಳಿಯೇ ಕೊಡಿ. ಅದನ್ನು ಕೈಯಲ್ಲಿ ಹಿಡಿಯುವವರೂ ನನ್ನಂತಹವರೇ.